ಇವಾಲೀಸ್ ರಾಜ್ಯದ ಚರಿತ್ರೆ ಮತ್ತು ದುರೈ ಪತ್ರಗಳ ಪ್ರಾಮಾಣ್ಯ

ಕಥಾವಸ್ತುವು ಪ್ರಖ್ಯಾತ, ಉತ್ಪಾದ್ಯ, ಮಿಶ್ರ ಎಂದು ಮೂರು ಬಗೆಯಾಗಿರುವುದೆಂದು ಹತ್ತನೆಯ ಶತಮಾನದ ಧನಂಜಯನು ದಶರೂಪಕದಲ್ಲಿ ಹೇಳಿರುವುದು ವಾಚಕರಿಗೆ ವಿದಿತವೇ ಆಗಿದೆ. ಇತಿಹಾಸಾದಿಗಳಿಂದ ಬಂದುದು ಪ್ರಖ್ಯಾತ. ಕವಿಯು ತಾನೇ ಕಲ್ಪಿಸಿದುದು ಉತ್ಪಾದ್ಯ. ಇವೆರಡರ ಸಂಕರವು ಮಿಶ್ರ. ಆ ಆಚಾರ್ಯನು ರಂಗದ ಮೇಲಣ ರೂಪಕಗಳನ್ನು ಕುರಿತು ಈ ವಿಭಾಗವನ್ನು ಮಾಡಿದನು. ನಮ್ಮ ಕಾಲದಲ್ಲಿ ತರುಣರು ತೆರೆಯ ಮೇಲೆ ಆಡುವ ವಿಡಿಯೋ ಆಟಗಳಲ್ಲಿಯೂ ಕಥೆಯುಳ್ಳವು ಹಲವಿರುವುದರಿಂದ ಅವುಗಳಿಗೂ ಇದು ಸಲ್ಲುವುದು. ಅಂಥ ಒಂದು ಆಟದಲ್ಲಿ ಬರುವ ಇವಾಲೀಸ್ ಎಂಬ ಸಾಮಂತರಾಜ್ಯವು ಮಿಶ್ರವಸ್ತುವಿಗೆ ಒಳ್ಳೆಯ ನಿದರ್ಶನವಾಗಿರುವುದು ಮಾತ್ರವಲ್ಲ. ಚರಿತ್ರೆಗೆ ಯಾವುದು ಪ್ರಮಾಣವೆಂಬ ವಿಚಾರವನ್ನೇ ಆ ಆಟವು ತನ್ನ ಕಥೆಯ ತಿರುಳನ್ನಾಗಿ ಮಾಡಿಕೊಂಡಿದೆ. ಆದುದರಿಂದ ಸಂಶೋಧಕರ ಪತ್ರಿಕೆಯಲ್ಲಿ ಅದನ್ನು ಪರಾಮರ್ಶಿಸುವುದು ಅನುಚಿತವಾಗಲಾರದೆಂದು ನಂಬಿದ್ದೇನೆ.

೧. ಆಟ ಮತ್ತು ಅದರ ಪಾಠಗಳು

ಆಟದ ಹೆಸರು 'ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್'. ಜಪಾನಿನ ಸ್ಕ್ವೇರ್ ಸಂಸ್ಥೆಯವರು ಇದನ್ನು ೧೯೯೭ರಲ್ಲಿ ಪ್ರಕಟಿಸಿದರು. ನಿರ್ದೇಶಕನು ಯಾಸುಮಿ ಮತ್ಸುನೊ. ಇದನ್ನು ಸ್ಥೂಲವಾಗಿ ಚದುರಂಗಕ್ಕೆ ಹೋಲಿಸಬಹುದು. ಚೌಕಗಳಾಗಿ ವಿಭಾಗಿಸಿದ ರಣಭೂಮಿಯಲ್ಲಿ ಆಟಗಾರನು ತನ್ನ ಭಟರನ್ನು ಸರದಿಯಂತೆ ನಡೆಸುವನು. ಆದರೆ ಇಲ್ಲಿಯ ಕಾಯಿಗಳಿಗೆ ಹೆಸರುಂಟು, ವೃತ್ತಿಯುಂಟು, ಅಭ್ಯಾಸದಿಂದ ಬೆಳೆಯುವ ಸಾಮರ್ಥ್ಯವುಂಟು. ಬಿದ್ದ ಭಟನನ್ನು ನಿಯತವಾದ ಸರದಿಗಳೊಳಗಾಗಿ ಎಬ್ಬಿಸದಿದ್ದರೆ ಅವನು ಮರಳಿ ಬಾರನು. ನನ್ನ ಮಗನು ಇದನ್ನು ಆಡುತ್ತಿದ್ದಾಗ ಪಕ್ಕದಲ್ಲಿ ಕುಳಿತು, ನಡುನಡುವೆ ಅವನನ್ನು ನಿಲ್ಲಿಸಿ, ಸಂಭಾಷಣೆಗಳನ್ನು ಓದಿಸಿಕೊಂಡು ಕಥೆಯನ್ನು ತಿಳಿದುಕೊಂಡೆನು. ಅವನ ತಾಳ್ಮೆಗೆ ಋಣಿಯಾಗಿದ್ದೇನೆ.

ಗ್ರಂಥಸಂಪಾದನೆ ಬಲ್ಲವರಿಗೆ ಪರಿಚಿತವಾದ ತೊಡಕು ಇಲ್ಲಿಯೂ ಇದೆ. ಇಂಗ್ಲಿಷಿನಲ್ಲಿ ಇದಕ್ಕೆ ಎರಡು ಪಾಠಗಳಿವೆ: ಒಂದು ೧೯೯೮ರದು, ಇನ್ನೊಂದು 'ದಿ ವಾರ್ ಆಫ್ ದಿ ಲಯನ್ಸ್' ಎಂಬ ಹೆಸರಿನಿಂದ ೨೦೦೭ರಲ್ಲಿ ಹೊರಬಂದುದು. ಮೊದಲನೆಯದರಲ್ಲಿ ತೇತಾ ಎಂದಿರುವವಳು ಎರಡನೆಯದರಲ್ಲಿ ತಿಯೆಟ್ರಾ. ಆಲ್ಗಸ್ ಎಂಬುವನು ಆರ್ಗತ್. ಅಲಾಜ್ಲಾಮ್ ಎಂಬ ಇತಿಹಾಸಕಾರನು ಅರಾಜ್ಲಾಮ್. ಎರಡನೆಯ ಪಾಠವು ಬುದ್ಧಿಪೂರ್ವಕವಾಗಿ ಹಳೆಯ ಇಂಗ್ಲಿಷಿನ ಗಾಂಭೀರ್ಯವನ್ನು ತಾಳಿದೆ. ೨೦೨೫ರಲ್ಲಿ 'ದಿ ಇವಾಲೀಸ್ ಕ್ರಾನಿಕಲ್ಸ್' ಎಂಬ ನೂತನ ಪರಿಷ್ಕರಣವೂ ಬಂದಿದೆ. ನಾನು ಸಾಮಾನ್ಯವಾಗಿ ೨೦೦೭ರ ಪಾಠದ ಹೆಸರುಗಳನ್ನೇ ಅನುಸರಿಸಿದ್ದೇನೆ.

೨. ರಾಜ್ಯದ ಸ್ಥಿತಿ

ಇವಾಲೀಸಿನ ಅರಸನೊಬ್ಬನು ನೆರೆಯ ಒರ್ಡಾಲಿಯಾ ರಾಜ್ಯದ ಉತ್ತರಾಧಿಕಾರದ ವಿಷಯದಲ್ಲಿ ವ್ಯಾಜ್ಯವನ್ನೆತ್ತಿ ಯುದ್ಧಕ್ಕೆ ಹೊರಟನು. ಅದೇ ಐವತ್ತು ವರ್ಷಗಳ ಯುದ್ಧ. ಅದರ ಕೊನೆಯಲ್ಲಿ ಆದುದು ಹೆಸರಿಗೆ ಸಂಧಿ, ವಸ್ತುತಃ ಇವಾಲೀಸಿನ ಸೋಲು. ಬೊಕ್ಕಸವು ಬರಿದಾಯಿತು. ಪ್ರಾಣವನ್ನು ಪಣವಿಟ್ಟು ಕಾದಿದ ಸಾಮಾನ್ಯ ಜನರನ್ನು ಸಂಬಳವಿಲ್ಲದೆ, ಸನ್ಮಾನವಿಲ್ಲದೆ ಮನೆಗೆ ಕಳುಹಿಸಿದರು. ಅವರಲ್ಲಿ ಅನೇಕರು ವೀಗ್ರಾಫ್ ಎಂಬ ನಾಯಕನ ಕೆಳಗೆ ಒಟ್ಟುಗೂಡಿ ಶ್ರೀಮಂತರ ಮೇಲೆ ತಿರುಗಿಬಿದ್ದರು. ಆಟದ ಮೊದಲನೆಯ ಭಾಗವು ಈ ದಂಗೆಯನ್ನು ಅಡಗಿಸುವ ಕಥೆ.

ಸಾಮಂತಪದ್ಧತಿಯ ಮರ್ಮವು ಇಲ್ಲಿ ಚೆನ್ನಾಗಿ ವ್ಯಕ್ತವಾಗಿದೆ. ಆ ಪದ್ಧತಿಗೆ ಆಧಾರವು ಒಡೆಯನಿಗೂ ಆಳಿಗೂ ನಡುವಣ ಕೊಡುಕೊಳ್ಳುವಿಕೆ: ಇವನು ದುಡಿಮೆಯನ್ನು ಕೊಡಬೇಕು, ಅವನು ರಕ್ಷಣೆಯನ್ನೂ ಜೀವಿತವನ್ನೂ ಕೊಡಬೇಕು. ನಮ್ಮಲ್ಲಿಯೂ ಅನ್ನದ ಋಣ, ಜೋಳದ ಪಾಳಿ ಎಂಬ ಮಾತುಗಳು ಈ ಧರ್ಮವನ್ನೇ ಹೇಳುವುವು. ಋಣವನ್ನು ತೀರಿಸಬೇಕಾದವನು ಆಳೊಬ್ಬನೇ ಎಂದು ಒಡೆಯನು ಬಗೆದ ದಿನವೇ ರಾಜ್ಯದ ಬುಡವು ಸಡಿಲಿತು. ಆಟದ ಕರ್ತೃವು ಹೊರಗಣ ಶತ್ರುವನ್ನು ಮೊದಲು ತೋರಿಸದೆ ಕೂಲಿ ಸಿಕ್ಕದ ಸೈನಿಕನನ್ನು ಮೊದಲು ತೋರಿಸಿರುವುದು ವಿವೇಕದ ಲಕ್ಷಣ.

ಈ ಭಾಗದ ಅಂತ್ಯದಲ್ಲಿ ನಡೆಯುವ ಒಂದು ಮರಣವು ಮುಂದಣ ಕಥೆಗೆಲ್ಲ ಬೀಜವಾಗಿದೆ. ಬೇವೂಲ್ವ್ ಎಂಬ ಪ್ರಖ್ಯಾತ ಸೇನಾನಿಗಳ ಮನೆತನದಲ್ಲಿ ಕಿರಿಯ ಮಗನು ರಾಮ್ಜಾ. ತಾಯಿ ಸಾಮಾನ್ಯ ಕುಲದವಳು. ಅದೇ ಮನೆಯ ಆಶ್ರಯದಲ್ಲಿ ಬೆಳೆದ ಸಾಮಾನ್ಯ ಕುಲದ ಹುಡುಗನು ಡೆಲೀಟಾ. ಅವನ ತಂಗಿ ತಿಯೆಟ್ರಾ. ದಂಗೆಕೋರರು ಅವಳನ್ನು ಬೇವೂಲ್ವರ ಮಗಳೆಂದು ಭ್ರಮಿಸಿ ಒಯ್ಯುವರು. ಜೀಕ್ಡನ್ ಕೋಟೆಯ ಮುಂದೆ ದಂಗೆಕೋರನು ಅವಳನ್ನು ಅಡ್ಡ ಹಿಡಿದು ನಿಂತಾಗ, ರಾಮ್ಜಾನ ಅಣ್ಣನ ಅಪ್ಪಣೆಯಂತೆ ಆರ್ಗತನು ಬಾಣ ಬಿಡುವನು, ಹುಡುಗಿ ಬೀಳುವಳು. ಅವಳು ಕುಲೀನೆಯಾಗಿದ್ದರೆ ಆ ಬಾಣವು ಹೊರಡುತ್ತಿರಲಿಲ್ಲ. ಅಂದಿನಿಂದ ಗೆಳೆಯರಿಬ್ಬರ ಹಾದಿ ಬೇರೆಯಾಯಿತು. ರಾಮ್ಜಾ ಮನೆಯನ್ನೂ ಹೆಸರನ್ನೂ ತೊರೆದನು. ಡೆಲೀಟಾ ಇನ್ನು ಮೇಲೆ ತಾನು ಪರರ ಕೈಯ ಕಾಯಿಯಾಗದೆ ಪರರನ್ನೇ ಕಾಯಿಗಳನ್ನಾಗಿ ನಡೆಸುವ ಮಾರ್ಗವನ್ನು ಹಿಡಿದನು.

೩. ಸಿಂಹಗಳ ಯುದ್ಧ ಮತ್ತು ಇಂಗ್ಲೆಂಡಿನ ಚರಿತ್ರೆ

ಅರಸನು ತೀರಿಕೊಂಡಾಗ ರಾಜಕುಮಾರನಿನ್ನೂ ಹಸುಗೂಸು. ರಾಣಿಯ ಅಣ್ಣನಾದ ಡ್ಯೂಕ್ ಲಾರ್ಗ್ ಎಂಬುವನು ಕೂಸಿನ ಪಕ್ಷ ವಹಿಸಿದನು. ಅವನ ಲಾಂಛನ ಬಿಳಿಯ ಸಿಂಹ. ಡ್ಯೂಕ್ ಗೋಲ್ಟಾನಾ ಎಂಬುವನು ಸನ್ಯಾಸಿಮಠದಲ್ಲಿ ಬೆಳೆದ ರಾಜಕುಮಾರಿ ಒವೆಲಿಯಾಳನ್ನು ಮುಂದಿಟ್ಟುಕೊಂಡನು. ಅವನ ಲಾಂಛನ ಕರಿಯ ಸಿಂಹ. ನಿಜವಾದ ಒವೆಲಿಯಾ ಎಂದೋ ಸತ್ತಳೆಂದೂ ಇವಳು ಬದಲಿ ಹುಡುಗಿಯೆಂದೂ ಒಂದು ಮಾತು ಆಟದಲ್ಲಿಯೇ ಬರುವುದು.

ಪ್ರಖ್ಯಾತಾಂಶವು ಎಲ್ಲಿಯದೆಂದು ಯೂರೋಪಿನ ಚರಿತ್ರೆಯನ್ನು ಓದಿದವರಿಗೆ ಹೇಳಬೇಕಾಗಿಲ್ಲ. ಇಂಗ್ಲೆಂಡಿನ ಮೂರನೆಯ ಎಡ್ವರ್ಡನು ತಾಯಿಯ ಕಡೆಯ ಹಕ್ಕಿನಿಂದ ಫ್ರಾನ್ಸಿನ ಸಿಂಹಾಸನವನ್ನು ಕೇಳಿದನು. ೧೩೩೭ರಲ್ಲಿ ಮೊದಲಾದ ಆ ಯುದ್ಧವು ೧೪೫೩ರಲ್ಲಿ ಇಂಗ್ಲಿಷರ ಸೋಲಿನಿಂದ ಮುಗಿಯಿತು. ೧೪೫೦ರಲ್ಲಿ ಜ್ಯಾಕ್ ಕೇಡನ ದಂಗೆ. ೧೪೫೫ರಿಂದ ಲ್ಯಾಂಕಾಸ್ಟರ್ ಮತ್ತು ಯಾರ್ಕ್ ಮನೆತನಗಳ ನಡುವೆ ಗುಲಾಬಿಗಳ ಯುದ್ಧ. ೧೪೮೫ರಲ್ಲಿ ಬಾಸ್ವರ್ತ್ ಎಂಬಲ್ಲಿ ಮೂರನೆಯ ರಿಚರ್ಡನು ಮಡಿದು ಏಳನೆಯ ಹೆನ್ರಿ ಅರಸನಾದನು. ಮರುವರ್ಷವೇ ಯಾರ್ಕ್ ಮನೆತನದ ಎಲಿಜಬೆತ್ತಳನ್ನು ಮದುವೆಯಾಗಿ ತನ್ನ ಹಕ್ಕನ್ನು ಬಲಪಡಿಸಿಕೊಂಡನು. ಡೆಲೀಟಾ ಕೂಡ ಎರಡು ಪಕ್ಷಗಳೂ ಕ್ಷಯಿಸಿದ ಮೇಲೆ ಒವೆಲಿಯಾಳನ್ನು ವರಿಸಿ ಸಿಂಹಾಸನವನ್ನೇರುವನು. ಗುಲಾಬಿಗಳ ಎಡೆಯಲ್ಲಿ ಸಿಂಹಗಳು ಬಂದುವು. ಉಳಿದ ಚೌಕಟ್ಟು ಬಹುಮಟ್ಟಿಗೆ ಅದೇ. ರಾಶಿಶಿಲೆಗಳು, ಅವುಗಳೊಳಗಿನ ಅಸುರಶಕ್ತಿಗಳು ಮುಂತಾದುವು ಉತ್ಪಾದ್ಯಾಂಶ.

೪. ದುರೈ ಪತ್ರಗಳು

ಈಗ ಮುಖ್ಯ ವಿಷಯಕ್ಕೆ ಬರುವೆನು. ಈ ಕಥೆಯನ್ನೆಲ್ಲ ನಮಗೆ ಹೇಳುವವನು ಅನೇಕ ಶತಮಾನಗಳ ತರುವಾಯದ ಅರಾಜ್ಲಾಮ್ ದುರೈ ಎಂಬ ಇತಿಹಾಸಕಾರ. ಪ್ರಸಿದ್ಧ ಚರಿತ್ರೆಯ ಪ್ರಕಾರ ಯುದ್ಧವನ್ನು ನಿಲ್ಲಿಸಿದ ಮಹಾವೀರನು ಡೆಲೀಟಾ. ರಾಮ್ಜಾ ಎಂಬುವನು ಗ್ಲಬಾಡೊಸ್ ಧರ್ಮಪೀಠದ ಪ್ರಮುಖನೊಬ್ಬನನ್ನು ಕೊಂದ ಪಾಷಂಡಿ. ನಿಜವಾಗಿ ರಾಜ್ಯವನ್ನು ವಿನಾಶದಿಂದ ಉಳಿಸಿದವನು ಆ ಪಾಷಂಡಿಯೇ ಎಂಬುದು ಅರಾಜ್ಲಾಮನ ಸಿದ್ಧಾಂತ. ಅವನಿಗೆ ಆಧಾರವು ಪೂರ್ವಜನಾದ ಓರನ್ ದುರೈ ಬರೆದಿಟ್ಟ ಪತ್ರಗಳು. ಓರನನು ಅವನ್ನು ಬಹಿರಂಗಪಡಿಸಿದಾಗ ಧರ್ಮಪೀಠದವರು ಪತ್ರಗಳನ್ನು ಕಸಿದುಕೊಂಡು, ಅವನನ್ನು ಜೀವಸಹಿತ ಸುಟ್ಟರು. ದುರೈ ಎಂಬುದು ತಮಿಳಿನ ಶಬ್ದದಂತೆ ಕೇಳಿಸಿದರೂ, ಕೇವಲ ಧ್ವನಿಸಾಮ್ಯದಿಂದ ಸಂಬಂಧವನ್ನು ಊಹಿಸುವುದು ಸಲ್ಲದು.

ಈ ಪತ್ರಗಳ ಪ್ರಾಮಾಣ್ಯವೆಷ್ಟು? ಅರಾಜ್ಲಾಮನ ವಾದವನ್ನು ಆಟಗಾರರೆಲ್ಲರೂ ನಿರ್ವಿವಾದವಾಗಿ ಒಪ್ಪುವಂತೆ ತೋರುತ್ತದೆ. ಕಾರಣವು ಸ್ಪಷ್ಟ. ಆಟಗಾರನು ರಾಮ್ಜಾನನ್ನು ತನ್ನ ಕೈಯಿಂದಲೇ ನಡೆಸಿರುವನು. ಎಲ್ಲವನ್ನೂ ಕಣ್ಣಾರೆ ಕಂಡೆನೆಂದು ಬಗೆಯುವನು. ಆದರೆ ತಾರ್ಕಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಇದು ಪ್ರತ್ಯಕ್ಷದ ವೇಷವನ್ನು ಹಾಕಿಕೊಂಡ ಶಬ್ದಪ್ರಮಾಣ. ನಾವು ಕಂಡುದು ಇವಾಲೀಸನ್ನಲ್ಲ. ಓರನನು ಬರೆದು ಅರಾಜ್ಲಾಮನು ಹೇಳಿದ ಇವಾಲೀಸನ್ನು. ಶಬ್ದವು ಪ್ರಮಾಣವಾಗಬೇಕಾದರೆ ವಕ್ತೃವು ಆಪ್ತನಾಗಿರಬೇಕು. ಆದುದರಿಂದ ಓರನನ ಆಪ್ತತ್ವವನ್ನು ಪರೀಕ್ಷಿಸಲೇಬೇಕು.

ಅವನ ಪಕ್ಷದಲ್ಲಿ ಹೇಳಬೇಕಾದುದು ಬಹಳವಿದೆ. ಅವನು ಸಮಕಾಲೀನನು, ಕಾಳಗಗಳ ಸಮೀಪದಲ್ಲಿದ್ದವನು, ಬರೆದುದರಿಂದ ಲಾಭವನ್ನು ಪಡೆಯದೆ ಪ್ರಾಣವನ್ನೇ ತೆತ್ತವನು. ಎದುರು ಪಕ್ಷದ ಲೇಖನಗಳು ಎಷ್ಟೇ ಇರಲಿ, ಅವೆಲ್ಲಕ್ಕೂ ಮೂಲವು ಅರಮನೆ ಮತ್ತು ಧರ್ಮಪೀಠ. ನೂರು ಪ್ರತಿಗಳಿದ್ದರೂ ಮಾತೃಕೆ ಒಂದೇ ಆದರೆ ಸಾಕ್ಷಿಯೂ ಒಂದೇ ಎಂಬುದು ಓಲೆಗರಿಗಳನ್ನು ಹೋಲಿಸಿ ನೋಡಿದವರೆಲ್ಲರ ಅನುಭವ.

ಆದರೆ ವಿರುದ್ಧವಾಗಿ ಹೇಳಬೇಕಾದುದೂ ಉಂಟು. ಓರನನ ಸಾಕುತಂದೆ ಕೌಂಟ್ ಓರ್ಲಾಂಡೋ ಎಂಬುವನನ್ನು ರಾಮ್ಜಾ ಸೆರೆಯಿಂದ ಬಿಡಿಸಿದನು. ಆ ವೃದ್ಧವೀರನು ಅನಂತರ ರಾಮ್ಜಾನ ಬಳಗದಲ್ಲಿಯೇ ಕಾದಿದನು. ಆದುದರಿಂದ ಓರನನು ಉದಾಸೀನ ಸಾಕ್ಷಿಯಲ್ಲ, ಉಪಕೃತನು. ಎರಡನೆಯದಾಗಿ, ಕೊನೆಯ ಮಹಾಸಂಗ್ರಾಮವು ನಡೆದ ಎಡೆಯಲ್ಲಿ ಅವನಿರಲಿಲ್ಲ. ಮೂರನೆಯದಾಗಿ, ಕಥೆಯ ಅಂತ್ಯದಲ್ಲಿ ಡೆಲೀಟಾ ಒವೆಲಿಯಾರು ಒಬ್ಬರನ್ನೊಬ್ಬರು ಇರಿಯುವ ಘೋರ ಪ್ರಸಂಗದಲ್ಲಿ ಮೂರನೆಯವರಾರೂ ಇಲ್ಲ. ಹಾಗಾದರೆ ಅದನ್ನು ನಮಗೆ ಹೇಳಿದವರು ಯಾರು? ಇಂಥ ಎಡೆಗಳಲ್ಲಿ ಪತ್ರಗಳ ಮಾತು ಮುಗಿದು ಕವಿಯ ಮಾತು ಮೊದಲಾಗಿದೆ ಎಂದೇ ಹೇಳಬೇಕು. ದಹನವು ಗ್ರಂಥವನ್ನು ಪವಿತ್ರವಾಗಿ ಮಾಡಬಹುದು, ಪ್ರಮಾಣವಾಗಿ ಮಾಡಲಾರದು. ಸುಟ್ಟವನಿಗೆ ಅದು ಅಹಿತವಾಗಿತ್ತೆಂಬುದಷ್ಟೇ ಅದರಿಂದ ಸಿದ್ಧಿಸುವುದು.

೫. ಕಲ್ಪನೆಗೆ ಸರಿಯಾದ ನಿಜಸಂಗತಿ

ಇದೆಲ್ಲವೂ ಕಲ್ಪಿತಕಥೆಯ ಮೇಲಣ ಶುಷ್ಕತರ್ಕವೆಂದು ಯಾರಾದರೂ ಹೇಳಬಹುದು. ಆದುದರಿಂದ ಕಥೆಯ ಮೂಲವಾದ ಇಂಗ್ಲೆಂಡಿನ ಚರಿತ್ರೆಯಲ್ಲಿಯೇ ನಡೆದುದನ್ನು ನೋಡೋಣ. ನಾಲ್ಕನೆಯ ಎಡ್ವರ್ಡನ ಮಕ್ಕಳು ಧರ್ಮ್ಯವಿವಾಹದಲ್ಲಿ ಹುಟ್ಟಿದವರಲ್ಲವೆಂದೂ ರಿಚರ್ಡನೇ ನ್ಯಾಯವಾದ ಅರಸನೆಂದೂ ೧೪೮೪ರಲ್ಲಿ ಪಾರ್ಲಿಮೆಂಟು ಒಂದು ಶಾಸನವನ್ನು ಮಾಡಿತ್ತು. ಅದಕ್ಕೆ 'ಟಿಟ್ಯುಲಸ್ ರೀಜಿಯಸ್' ಎಂದು ಹೆಸರು. ಏಳನೆಯ ಹೆನ್ರಿಯು ಗೆದ್ದೊಡನೆ ಅದನ್ನು ಸಭೆಯಲ್ಲಿ ಓದಿಸದೆಯೇ ರದ್ದುಪಡಿಸಿ, ಪ್ರತಿಗಳೆಲ್ಲವನ್ನೂ ನಾಶಮಾಡಬೇಕೆಂದು ವಿಧಿಸಿದನು. ಆದರೂ ಒಂದು ಪ್ರತಿಯು ಉಳಿಯಿತು. ಹದಿನೇಳನೆಯ ಶತಮಾನದ ಆದಿಭಾಗದಲ್ಲಿ ಜಾರ್ಜ್ ಬಕ್ ಎಂಬ ವಿದ್ವಾಂಸನು ಅದನ್ನು ಬೆಳಕಿಗೆ ತಂದನು. ದುರೈ ಪತ್ರಗಳಿಗೆ ಇದಕ್ಕಿಂತ ಸಮೀಪದ ಉಪಮಾನವು ಬೇಕೆ? ಆದರೆ ಆ ಶಾಸನವೂ ರಿಚರ್ಡನ ಪಕ್ಷದವರು ಅವನ ಹಿತಕ್ಕಾಗಿ ಮಾಡಿದುದೇ. ಅದು ಉಳಿದುಬಂದುದರಿಂದ ಅದರೊಳಗಿನ ಆಪಾದನೆಯು ನಿಜವಾಗಲಿಲ್ಲ.

ಇನ್ನೊಂದು ದೃಷ್ಟಾಂತ. ಜಾನ್ ರೌಸ್ ಎಂಬ ಬರಹಗಾರನು ರಿಚರ್ಡನು ಬದುಕಿದ್ದಾಗ ಅವನನ್ನು ಹೊಗಳಿ ಬರೆದನು. ಸತ್ತ ಮೇಲೆ, ಹೆನ್ರಿಯ ಕಾಲದಲ್ಲಿ, ಎರಡು ವರ್ಷ ಗರ್ಭದಲ್ಲಿದ್ದು ಹಲ್ಲುಗಳೊಡನೆ ಹುಟ್ಟಿದ ಕ್ರೂರನೆಂದು ಬರೆದನು. ಹೆಗಲುಗಳು ಏರುಪೇರಾಗಿದ್ದುವೆಂದೂ ಹೇಳಿದನು. ಇವೆಲ್ಲವೂ ಗೆದ್ದವರನ್ನು ಮೆಚ್ಚಿಸುವ ಕಟ್ಟುಕಥೆಯೆಂದು ಎಷ್ಟೋ ಮಂದಿ ಸಹೃದಯರು ತಳ್ಳಿಹಾಕಿದ್ದರು. ೨೦೧೨ರಲ್ಲಿ ಲೆಸ್ಟರ್ ಪಟ್ಟಣದಲ್ಲಿ ರಿಚರ್ಡನ ಅಸ್ಥಿಪಂಜರವು ದೊರೆಯಿತು. ಬೆನ್ನೆಲುಬು ನಿಜವಾಗಿಯೂ ಪಕ್ಕಕ್ಕೆ ಬಾಗಿದ್ದಿತು. ಆದರೆ ಇತರರು ಹೇಳಿದ್ದ ಒಣಗಿದ ತೋಳಿನ ಕುರುಹು ಕಾಣಲಿಲ್ಲ. ಒಬ್ಬನೇ ಬರಹಗಾರನಲ್ಲಿ, ಒಂದೇ ಪುಟದ ಅಂತರದಲ್ಲಿ, ಸತ್ಯವೂ ಅಸಂಭವವೂ ಕೂಡಿರಬಹುದು. ಗೆದ್ದವನ ಮಾತೆಂದು ಎಲ್ಲವನ್ನೂ ಬಿಡುವುದು, ಸೋತವನ ಮಾತೆಂದು ಎಲ್ಲವನ್ನೂ ಹಿಡಿಯುವುದು, ಎರಡೂ ಸಮಾನವಾದ ಆಲಸ್ಯವೇ.

೬. ಉಪಸಂಹಾರ

ಇತಿಹಾಸವನ್ನು ಬರೆಯುವವನು ರಾಗದ್ವೇಷಗಳನ್ನು ನೀಗಿದ ನ್ಯಾಯಾಧಿಪತಿಯಂತಿರಬೇಕೆಂಬ ಆದರ್ಶವನ್ನು ಹನ್ನೆರಡನೆಯ ಶತಮಾನದಲ್ಲಿ ಕಲ್ಹಣನು ರಾಜತರಂಗಿಣಿಯ ಮೊದಲಲ್ಲಿಯೇ ಎತ್ತಿಹಿಡಿದಿರುವನು. ನಮ್ಮ ಶಾಸನಗಳ ಪ್ರಶಸ್ತಿಭಾಗವನ್ನು ಓದುವಾಗ ಈ ಆದರ್ಶವನ್ನು ನಾವು ಬೇಗನೆ ನೆನೆಯುವೆವು. ಅರಸನ ಸ್ತುತಿಯೆಂದು ಅರ್ಧವನ್ನು ಕಳೆದೇ ಓದುವೆವು. ನಮಗೆ ಪ್ರಿಯವಾದ ಪಕ್ಷದ ಲೇಖನವು ಕೈಗೆ ಬಂದಾಗ ಮಾತ್ರ ಅದನ್ನು ಮರೆಯುವೆವು. ಇವಾಲೀಸಿನ ಕಥೆಯು ನನಗೆ ಕಲಿಸಿದ ಪಾಠವಿದು. ರಾಮ್ಜಾನಲ್ಲಿ ನನಗೂ ಪ್ರೀತಿಯುಂಟಾಯಿತು. ಆ ಪ್ರೀತಿಯೇ ನನ್ನನ್ನು ಎಚ್ಚರಿಸಿತು.

ಸಾಹಿತ್ಯವನ್ನೂ ಚರಿತ್ರೆಯನ್ನೂ ಬೋಧಿಸುವ ಉಪಾಧ್ಯಾಯರಲ್ಲಿ ನನ್ನ ಬಿನ್ನಹವಿಷ್ಟೆ. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಇಂಥ ಆಟಗಳನ್ನು ಆಡುವರು, ಅದನ್ನು ಕಾಲಹರಣವೆಂದು ಗದರಿಸಿ ಬಿಡುವ ಬದಲು, "ಈ ಕಥೆಯನ್ನು ನಿನಗೆ ಹೇಳಿದವರು ಯಾರು? ಅವರಿಗೆ ಅದು ತಿಳಿದುದು ಹೇಗೆ?" ಎಂದು ಕೇಳಬೇಕು. ನನ್ನ ಮಗನನ್ನು ನಾನು ಹಾಗೆ ಕೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ತಿಯೆಟ್ರಾ ಸತ್ತದ್ದಾದರೂ ನಿಜವೆ, ಅಪ್ಪಾ?" ಎಂದನು. ಅದನ್ನು ಕಂಡವರು ಇಬ್ಬರೂ ಪಕ್ಷಗಳಲ್ಲಿದ್ದರು, ಅದರಿಂದ ಯಾರಿಗೂ ಕೀರ್ತಿ ಬರಲಿಲ್ಲ, ಆದುದರಿಂದ ಅದನ್ನು ನಂಬಬಹುದೆಂದು ಉತ್ತರವಿತ್ತೆನು. ಸಾಮಂತರಾಜ್ಯಗಳ ಚರಿತ್ರೆಯಲ್ಲಿ ನಾವು ಹೆಚ್ಚು ನಂಬಬಹುದಾದ ಸಂಗತಿಗಳು ಬಹುಶಃ ಇಂಥವೇ ಆಗಿವೆ. ಈ ವಿಷಯದಲ್ಲಿ ವಿದ್ವಾಂಸರು ತಮ್ಮ ಅಭಿಪ್ರಾಯಗಳನ್ನು ತಿಳಿಸಿದರೆ ಉಪಕೃತನಾಗುವೆನು.