ಕನ್ನಡ ನಾಡಿನ ಶಾಲೆಗಳಲ್ಲಿ ಇಂಗ್ಲಿಷ್ ಪರೀಕ್ಷೆಯ ಅಭ್ಯಾಸ

ಕನ್ನಡ ನಾಡಿನ ಇಂಗ್ಲಿಷ್ ಶಾಲೆಗಳು ಇಂಗ್ಲಿಷ್ ಪರೀಕ್ಷೆಗಿಂತ ಹಿರಿಯವು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದ ಮೇಲೆ ಅಲ್ಲಿ ಮಿಷನ್ ಶಾಲೆಗಳು ಆರಂಭವಾದವು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಸ್ಥಾಪಿಸಿದ ಉಚಿತ ಇಂಗ್ಲಿಷ್ ಶಾಲೆಯೇ ಬೆಳೆದು ಮಹಾರಾಜ ಕಾಲೇಜಾಯಿತು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು; ಅದರ ಕನ್ನಡ ಶಾಲೆಯ ಬೆನ್ನಿಗೇ ಇಂಗ್ಲಿಷ್ ಶಾಲೆಯೂ ನಡೆಯಿತು. ಧಾರವಾಡಕ್ಕೆ ಸರ್ಕಾರಿ ಇಂಗ್ಲಿಷ್ ಶಾಲೆ ಸಿಕ್ಕಿದ್ದು 1848ರಲ್ಲಿ. ಆ ಕಾಲದ ವಿದ್ಯಾರ್ಥಿಗೆ ಇಂಗ್ಲಿಷ್ ಬೇಕಾಗಿದ್ದುದು ಕಚೇರಿಯ ಕೆಲಸಕ್ಕೆ: ಕಾಗದಪತ್ರ ನಕಲು ಮಾಡಲು, ಅರ್ಜಿಗಳನ್ನು ಭಾಷಾಂತರಿಸಲು, ಸಾಹೇಬರ ಮಾತು ತಿಳಿದು ಉತ್ತರ ಹೇಳಲು. ಅವನ ಕಲಿಕೆಯನ್ನು ಅಳೆಯುತ್ತಿದ್ದವರು ಕೆಲಸ ಕೊಡುವ ಅಧಿಕಾರಿಗಳೇ. ಓದು, ಬರಹ, ಮಾತು ಮೂರೂ ಆ ಅಳತೆಯಲ್ಲಿ ಸೇರಿದ್ದವು.

ಈ ಸ್ಥಿತಿ ಬದಲಾದದ್ದು ಹಂತಹಂತವಾಗಿ. ಮೆಕಾಲೆಯ ಟಿಪ್ಪಣಿಯ ಬೆನ್ನಲ್ಲೇ 1835ರಲ್ಲಿ ಬೆಂಟಿಂಕ್ ಸರ್ಕಾರ ಇಂಗ್ಲಿಷ್ ಶಿಕ್ಷಣದ ಪರ ನಿಂತಿತು. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್ ಸರ್ಕಾರಿ ನೌಕರಿಗೆ ಇಂಗ್ಲಿಷ್ ಕಲಿತವರಿಗೇ ಆದ್ಯತೆ ಎಂದು ಘೋಷಿಸಿದ. 1854ರ ವುಡ್ ನಿರೂಪವು ವಿಶ್ವವಿದ್ಯಾಲಯಗಳಿಗೆ ದಾರಿ ಮಾಡಿತು. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಅವು ಸ್ಥಾಪನೆಯಾದವು. ಅವುಗಳ ಬಾಗಿಲಲ್ಲಿ ನಿಂತದ್ದೇ ಮೆಟ್ರಿಕ್ಯುಲೇಷನ್ ಪರೀಕ್ಷೆ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಹುಡುಗರು ಮುಂಬಯಿಯ ಪ್ರಶ್ನೆಪತ್ರಿಕೆಗೆ ಉತ್ತರಿಸಿದರು. ಮಂಗಳೂರು, ಬಳ್ಳಾರಿ ಮತ್ತು ಮೈಸೂರು ಸಂಸ್ಥಾನದವರು ಮದರಾಸಿನದಕ್ಕೆ. ಮೈಸೂರಿಗೆ ಸ್ವಂತ ವಿಶ್ವವಿದ್ಯಾಲಯ ಬಂದದ್ದು 1916ರಲ್ಲಿ. ಎರಡು ವರ್ಷಗಳ ಬಳಿಕ ಕನ್ನಡ ಜಿಲ್ಲೆಗಳೂ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ಆರಂಭವಾದಾಗಲೂ ಇಂಗ್ಲಿಷ್ ಕಡ್ಡಾಯ ವಿಷಯವಾಗಿಯೇ ಉಳಿಯಿತು. ಹೀಗೆ ರಾಜಕೀಯವಾಗಿ ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಪರೀಕ್ಷೆಗಳು ಬೇರೆಯಾದರೂ ಇಂಗ್ಲಿಷಿನ ಕಷ್ಟ ಒಂದೇ ಆಗಿತ್ತು.

ಆ ಕಷ್ಟ ಒಂದು ವಿಷಯದ್ದು ಮಾತ್ರವಲ್ಲ. ಹೈಸ್ಕೂಲಿನಲ್ಲಿ ಚರಿತ್ರೆ, ಭೂಗೋಳ, ಗಣಿತ ಎಲ್ಲವೂ ಇಂಗ್ಲಿಷಿನಲ್ಲೇ ನಡೆಯುತ್ತಿದ್ದವು. ಇಂಗ್ಲಿಷ್ ಕೈಕೊಟ್ಟರೆ ಉಳಿದವೂ ಕೈಕೊಡುತ್ತಿದ್ದವು. ದೂರದ ನಗರದಲ್ಲಿ ಕುಳಿತ ಪರೀಕ್ಷಕನಿಗೆ ತಲುಪುತ್ತಿದ್ದುದು ಉತ್ತರಪತ್ರಿಕೆ ಮಾತ್ರ. ಹುಡುಗನ ದನಿ ಅವನಿಗೆ ಕೇಳಿಸುವಂತಿರಲಿಲ್ಲ. ಆದ್ದರಿಂದ ಕಾಗದದ ಮೇಲೆ ಮೂಡಬಲ್ಲ ಇಂಗ್ಲಿಷಿಗೆ ಅಂಕ ಬಂತು. ಅಂಕ ಇದ್ದುದಕ್ಕೆ ಅಭ್ಯಾಸ ನಡೆಯಿತು. ಅಂಕವಿಲ್ಲದ ಮಾತು ಹಿಂದೆ ಉಳಿಯಿತು. ಮುಂದಿನ ಒಂದೂವರೆ ಶತಮಾನದ ಇಂಗ್ಲಿಷ್ ತರಗತಿಯನ್ನು ರೂಪಿಸಿದ್ದು ಈ ಒಂದು ಸಂಗತಿ.

ಪದಸಂಪತ್ತಿನ ಅಭ್ಯಾಸ ನಿಘಂಟುಗಳಿಂದ ಶುರುವಾಯಿತು. ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಹೊರತಂದ. ಅವು ಅಧಿಕಾರಿಗಳು ಮತ್ತು ಮಿಷನರಿಗಳ ಕೈಗೆ ಒಪ್ಪುವ ಗ್ರಂಥಗಳು, ಶಾಲೆಯ ಮಕ್ಕಳ ಕೈಗಲ್ಲ. ವಿದ್ಯಾರ್ಥಿಗೆಂದೇ ಸಿದ್ಧವಾದದ್ದು ಬಾಸೆಲ್ ಮಿಷನ್ನಿನ ಝೀಗ್ಲರನ ಇಂಗ್ಲಿಷ್-ಕನ್ನಡ ಶಾಲಾ ನಿಘಂಟು. ಅದು 1876ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮೈಸೂರು ವಿಶ್ವವಿದ್ಯಾಲಯದ ದೊಡ್ಡ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಬಂತು. ನಿಘಂಟು ಕೊಳ್ಳಲಾಗದವರಿಗೆ ಮೇಷ್ಟರು ಕಪ್ಪುಹಲಗೆಯ ಮೇಲೆ ಬರೆದುಕೊಡುವ ಕಠಿಣ ಪದಗಳ ಪಟ್ಟಿಯೇ ನಿಘಂಟು. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ. ಮೊದಲು ಕಾಗುಣಿತದ ಅಕ್ಷರಗಳನ್ನು ಒಂದೊಂದಾಗಿ ಹೇಳಿ, ಆಮೇಲೆ ಪದ, ಆಮೇಲೆ ಅರ್ಥ ಎಂದು ಇಡೀ ತರಗತಿ ಒಟ್ಟಾಗಿ ರಾಗವಾಗಿ ಹೇಳುವ ರೂಢಿ ಬೆಳೆಯಿತು. ಮಗ್ಗಿಗೂ ಅಮರಕೋಶಕ್ಕೂ ಒಗ್ಗಿದ್ದ ನಾಡಿಗೆ ಇದು ಹೊಸ ವಿಧಾನವೇನಲ್ಲ. ಕೂಲಿಮಠದ ಬಾಯಿಪಾಠ ಇಂಗ್ಲಿಷ್ ಪಾಠಕ್ಕೂ ದಾಟಿತು. ನೆನಪಿಗೆ ಅದು ಗಟ್ಟಿ ಆಸರೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಪಟ್ಟಿಯಲ್ಲಿ ಒಂಟಿಯಾಗಿ ನಿಂತ ಪದ ಯಾವ ಪದದ ಜೊತೆ ಸೇರುತ್ತದೆ, ಯಾವ ಸಂದರ್ಭಕ್ಕೆ ಒಪ್ಪುತ್ತದೆ ಎಂಬುದನ್ನು ಅದು ಕಲಿಸುತ್ತಿರಲಿಲ್ಲ.

ಯಾವ ಪದಗಳನ್ನು ಮೊದಲು ಕಲಿಸಬೇಕೆಂಬ ಪ್ರಶ್ನೆಯನ್ನು ವ್ಯವಸ್ಥಿತವಾಗಿ ಎತ್ತಿಕೊಂಡವರಲ್ಲಿ ಢಾಕಾದಲ್ಲಿ ಶಿಕ್ಷಕರ ತರಬೇತಿ ನಡೆಸುತ್ತಿದ್ದ ಮೈಕೆಲ್ ವೆಸ್ಟ್ ಮುಖ್ಯ. ಬಂಗಾಳದ ಮಕ್ಕಳಿಗೆ ಮಾತಿಗಿಂತ ಓದು ಹೆಚ್ಚು ಪ್ರಯೋಜನಕಾರಿ ಎಂಬುದು ಅವನ ನಿಲುವು. ಹೊಸ ಪದಗಳನ್ನು ಸ್ವಲ್ಪಸ್ವಲ್ಪವಾಗಿ ತಂದು ಮತ್ತೆಮತ್ತೆ ಬಳಸುವ ರೀಡರುಗಳನ್ನು ಅವನು ಬರೆದ. 1953ರಲ್ಲಿ ಅವನು ಪ್ರಕಟಿಸಿದ ಸುಮಾರು 2000 ಪದಗಳ ಸಾಮಾನ್ಯ ಬಳಕೆಯ ಪಟ್ಟಿ ಬಹುಕಾಲ ಪಠ್ಯಪುಸ್ತಕ ಬರೆಯುವವರ ಕೈಪಿಡಿಯಾಗಿತ್ತು.

ವ್ಯಾಕರಣದ ಚರಿತ್ರೆ ಇದಕ್ಕಿಂತ ಗಟ್ಟಿಯಾದ ಬೇರುಗಳುಳ್ಳದ್ದು. ಉತ್ತರ ಭಾರತದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಜೆ.ಸಿ. ನೆಸ್‌ಫೀಲ್ಡ್ 19ನೆಯ ಶತಮಾನದ ಕೊನೆಯಲ್ಲಿ ಭಾರತದ ಶಾಲೆಗಳಿಗಾಗಿ ಬರೆದ ವ್ಯಾಕರಣಮಾಲೆ ಹಲವು ತಲೆಮಾರುಗಳನ್ನು ಆಳಿತು. 1930ರ ದಶಕದಲ್ಲಿ ಅದರ ಜಾಗಕ್ಕೆ ಬಂದದ್ದು ರೆನ್ ಮತ್ತು ಮಾರ್ಟಿನ್. ಮುಂಬಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿದ್ದ ಪಿ.ಸಿ. ರೆನ್ ಸಾಹಸ ಕಾದಂಬರಿಗಳ ಲೇಖಕನೂ ಹೌದು. ಈ ಪುಸ್ತಕದ ಅಭ್ಯಾಸಗಳನ್ನು ಒಂದೂ ಬಿಡದೆ ಬಿಡಿಸಿದವನಿಗೆ ಇಂಗ್ಲಿಷ್ ಬಂದೇ ಬರುತ್ತದೆ ಎಂಬ ನಂಬಿಕೆ ಬೆಂಗಳೂರಿನಿಂದ ಬೀದರಿನವರೆಗೆ ಇತ್ತು. ಇಂದಿಗೂ ಪೂರ್ತಿ ಹೋಗಿಲ್ಲ. ವಾಕ್ಯ ವಿಂಗಡಣೆ, ಕರ್ತರಿ ಪ್ರಯೋಗವನ್ನು ಕರ್ಮಣಿಗೆ ತಿರುಗಿಸುವುದು, ನೇರ ಮಾತನ್ನು ವರದಿ ಮಾತಾಗಿಸುವುದು, ಬಿಟ್ಟ ಸ್ಥಳ ತುಂಬುವುದು ಅದರ ಮುಖ್ಯ ಕಸರತ್ತುಗಳು. ಇವೆಲ್ಲಕ್ಕೂ ಒಂದೊಂದೇ ಸರಿಯುತ್ತರ ಇರುವುದರಿಂದ ಮೌಲ್ಯಮಾಪಕರಿಗೆ ಅಂಕ ಹಾಕುವುದು ಸುಲಭ. ಪ್ರಶ್ನೆಪತ್ರಿಕೆಯಲ್ಲಿ ಇವು ಇಷ್ಟು ಕಾಲ ಬಾಳಿದ್ದಕ್ಕೆ ಅದೂ ಒಂದು ಕಾರಣ.

ಕನ್ನಡ ಮನೆಮಾತಿನ ಮಕ್ಕಳಿಗೆ ಇವುಗಳಲ್ಲಿ ಕೆಲವು ವಿಶೇಷವಾಗಿ ತೊಡಕಾಗುವುದಕ್ಕೆ ಭಾಷೆಯ ರಚನೆಯಲ್ಲೇ ಕಾರಣವಿದೆ. ಕನ್ನಡದಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಲುಪಿಸುವಾಗ ಆ ಮಾತನ್ನು ಇದ್ದಂತೆಯೇ ಇಟ್ಟು ‘ಎಂದು’ ಸೇರಿಸಿದರೆ ಸಾಕು. ‘ನಾಳೆ ಬರುತ್ತೇನೆ ಎಂದ’ ಎನ್ನುವಲ್ಲಿ ನಾಳೆಯೂ ಬದಲಾಗದು, ಕ್ರಿಯಾಪದವೂ ಬದಲಾಗದು. ಇಂಗ್ಲಿಷಿನಲ್ಲಿ ಸರ್ವನಾಮ, ಕಾಲ, ದಿನ ಎಲ್ಲವನ್ನೂ ವರದಿ ಮಾಡುವವನ ನೆಲೆಗೆ ಹೊಂದಿಸಬೇಕು. ಮಾತಿನ ಕೊನೆಗೆ ಒಪ್ಪಿಗೆ ಕೇಳಲು ಕನ್ನಡಕ್ಕೆ ‘ಅಲ್ಲವೇ’ ಒಂದೇ ಸಾಕು. ಇಂಗ್ಲಿಷಿನಲ್ಲಿ ವಾಕ್ಯದ ಕ್ರಿಯಾಪದ ಮತ್ತು ಕರ್ತೃವನ್ನು ನೋಡಿಕೊಂಡು ಪ್ರತಿ ಸಲವೂ ಬಾಲಪ್ರಶ್ನೆಯನ್ನು ಬೇರೆಯಾಗಿ ಕಟ್ಟಬೇಕು. ಎ, ಆ್ಯನ್, ದಿ ಎಂಬ ಪುಟ್ಟ ಪದಗಳಿಗೆ ಕನ್ನಡದಲ್ಲಿ ನೇರ ಸಾಟಿಯೇ ಇಲ್ಲ. ಕನ್ನಡದ ವಿಭಕ್ತಿ ನಾಮಪದದ ಬೆನ್ನಿಗೆ ಅಂಟಿಕೊಳ್ಳುತ್ತದೆ. ಇಂಗ್ಲಿಷಿನ ಉಪಸರ್ಗ ಅದರ ಮುಂದೆ ನಿಲ್ಲುತ್ತದೆ. ಎರಡು ಭಾಷೆಗಳನ್ನು ಎದುರುಬದುರು ಇಟ್ಟು ಈ ವ್ಯತ್ಯಾಸಗಳನ್ನು ತೋರಿಸಿಕೊಟ್ಟಿದ್ದರೆ ಎಷ್ಟೋ ಮಕ್ಕಳ ಶ್ರಮ ಉಳಿಯುತ್ತಿತ್ತು. ಆದರೆ ಬಳಕೆಯಲ್ಲಿದ್ದ ಪುಸ್ತಕಗಳು ಇಡೀ ದೇಶಕ್ಕೆಂದು ಬರೆದವು; ಕನ್ನಡದ ಮಗು ಎಲ್ಲಿ ಎಡವುತ್ತದೆ ಎಂಬುದು ಅವುಗಳ ಗಮನಕ್ಕೆ ಬರಲಿಲ್ಲ.

ಉಚ್ಚಾರಣೆಯ ಕಥೆ ಹೆಚ್ಚು ಖೇದಕರ. ಕನ್ನಡವನ್ನು ಬರೆದಂತೆ ಓದಬಹುದು. ಇಂಗ್ಲಿಷಿನಲ್ಲಿ ಬರೆದರೂ ನುಡಿಯದ ಅಕ್ಷರಗಳುಂಟು, ಒಂದೇ ಅಕ್ಷರಕ್ಕೆ ಹಲವು ಸ್ವರಗಳುಂಟು. ಪರೀಕ್ಷೆಯಲ್ಲಿ ತಪ್ಪಾಗಬಾರದೆಂದು ಮಕ್ಕಳು ಬುಧವಾರದ ಇಂಗ್ಲಿಷ್ ಹೆಸರನ್ನು ‘ವೆಡ್‌ನೆಸ್‌ಡೇ’ ಎಂದು ಅಕ್ಷರ ಬಿಡಿಸಿ ಉರು ಹೊಡೆದರು. ಕಾಗುಣಿತ ಉಳಿಯಿತು, ನುಡಿ ಕೆಟ್ಟಿತು. ಅದರ ಮೇಲೆ ಕನ್ನಡದ ಧ್ವನಿನಿಯಮಗಳ ಪ್ರಭಾವ. ಕನ್ನಡದ ಮಾತು ಸ್ವರದಲ್ಲಿ ಮುಗಿಯಲು ಬಯಸುತ್ತದೆ, ಹಾಗಾಗಿ ಬಸ್ಸು, ಕಾರು, ಬುಕ್ಕು. ಪದದ ಮೊದಲಲ್ಲಿ ಸಕಾರಕ್ಕೆ ಒತ್ತಕ್ಷರ ಬಂದಾಗ ಹಲವರ ನಾಲಿಗೆಗೆ ಮುಂದೊಂದು ಇಕಾರ ಬೇಕು, ಹಾಗಾಗಿ ಇಸ್ಕೂಲು, ಇಸ್ಟೇಷನ್ನು. ಎಕಾರದ ಮುಂದೆ ಯಕಾರದ ಎಳೆ, ಒಕಾರದ ಮುಂದೆ ವಕಾರದ ಎಳೆ ಬರುತ್ತದೆ. ಇಂಗ್ಲಿಷಿನ ಎರಡು ಬೇರೆ ಧ್ವನಿಗಳಿಗೆ ಕನ್ನಡದ ‘ವ’ ಒಂದೇ ದುಡಿಯುತ್ತದೆ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಪದದೊಳಗಿನ ಒತ್ತು. ರೆಕಾರ್ಡ್ ಎಂಬ ಪದದಲ್ಲಿ ಒತ್ತು ಮೊದಲಿಗೆ ಬಿದ್ದರೆ ನಾಮಪದ, ಕೊನೆಗೆ ಬಿದ್ದರೆ ಕ್ರಿಯಾಪದ. ಕನ್ನಡದಲ್ಲಿ ಒತ್ತಿನಿಂದ ಅರ್ಥ ಬದಲಾಗುವುದಿಲ್ಲವಾದ್ದರಿಂದ ಈ ವ್ಯತ್ಯಾಸ ಕಿವಿಗೇ ಬೀಳುವುದಿಲ್ಲ. ಇವು ಯಾವುವೂ ದಡ್ಡತನದ ಗುರುತಲ್ಲ. ಒಂದು ಭಾಷೆಯ ನಿಯಮಗಳನ್ನು ಚೆನ್ನಾಗಿ ಕಲಿತ ನಾಲಿಗೆ ಇನ್ನೊಂದಕ್ಕೆ ಹೋದಾಗ ಸಹಜವಾಗಿ ಆಗುವ ಮಾರ್ಪಾಡುಗಳು. ತರಗತಿಯಲ್ಲಿ ಇವುಗಳಿಗಾಗಿ ಮಕ್ಕಳನ್ನು ನಗೆಗೀಡು ಮಾಡಿದ್ದು ಅನ್ಯಾಯ. ಲಂಡನ್ನಿನ ಡೇನಿಯಲ್ ಜೋನ್ಸ್ 1917ರಲ್ಲೇ ಇಂಗ್ಲಿಷ್ ಉಚ್ಚಾರಣೆಯ ನಿಘಂಟನ್ನು ಪ್ರಕಟಿಸಿದ್ದ. ಆದರೆ ಅದರ ಧ್ವನಿಲಿಪಿ ಹಳ್ಳಿಯ ಹೈಸ್ಕೂಲನ್ನು ಮುಟ್ಟಲಿಲ್ಲ. ಮೇಷ್ಟರ ಉಚ್ಚಾರಣೆಯೇ ಮಕ್ಕಳ ಉಚ್ಚಾರಣೆಯಾಯಿತು.

20ನೆಯ ಶತಮಾನದ ಎರಡನೆಯ ದಶಕದಲ್ಲಿ ಮದರಾಸಿನಲ್ಲೂ ಮೈಸೂರಿನಲ್ಲೂ ಎಸ್.ಎಸ್.ಎಲ್.ಸಿ. ಬಂದರೂ ಅಭ್ಯಾಸದ ರೀತಿ ಬದಲಾಗಲಿಲ್ಲ. ಪರೀಕ್ಷೆಯ ಓದಿಗೂ ನಿಜವಾದ ಯೋಗ್ಯತೆಗೂ ಇರುವ ದೂರವನ್ನು ಟಿ.ಪಿ. ಕೈಲಾಸಂ ‘ಟೊಳ್ಳುಗಟ್ಟಿ’ ನಾಟಕದಲ್ಲಿ ರಂಗದ ಮೇಲೆ ತಂದರು. ಮುಂದೆ ಇಂಗ್ಲಿಷ್ ಕಾದಂಬರಿಕಾರರಾಗಿ ಲೋಕಪ್ರಸಿದ್ಧರಾದ ಆರ್.ಕೆ. ನಾರಾಯಣ್ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಒಮ್ಮೆ ನಪಾಸಾಗಿ, ಮನೆಯಲ್ಲೇ ಓದುತ್ತ ಕಾಲ ಕಳೆದು, 1926ರಲ್ಲಿ ಪಾಸಾಗಿ ಮಹಾರಾಜ ಕಾಲೇಜು ಸೇರಿದರು. ಮೈಸೂರಿನ ವೆಸ್ಲಿಯನ್ ಹೈಸ್ಕೂಲಿನಲ್ಲಿ ಓದಿದ ಕುವೆಂಪು ಅವರ ಮೊದಲ ಪ್ರಕಟಿತ ಕವಿತೆಗಳು ಇಂಗ್ಲಿಷಿನವು, 1922ರವು. ಪಠ್ಯದಾಚೆಗೆ ಓದಿದವರಿಗೆ ಇಂಗ್ಲಿಷ್ ಒಲಿದದ್ದಕ್ಕೆ ಇಬ್ಬರೂ ಸಾಕ್ಷಿ.

ಸ್ವಾತಂತ್ರ್ಯಾನಂತರ ಸುಧಾರಣೆಯ ದೊಡ್ಡ ಪ್ರಯತ್ನ ನಡೆಯಿತು. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯೂ 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಶಿಕ್ಷಕರ ತರಬೇತಿಗಾಗಿ ಹುಟ್ಟಿದವು. ವ್ಯಾಕರಣದ ಸೂತ್ರ ಹೇಳಿಕೊಡುವ ಬದಲು ವಾಕ್ಯಮಾದರಿಗಳನ್ನು ಬಾಯಲ್ಲಿ ಮತ್ತೆಮತ್ತೆ ಆಡಿಸುವ ಸ್ಟ್ರಕ್ಚರಲ್ ವಿಧಾನ ಆಗಿನ ಹೊಸತು. ಅದೂ ಕ್ರಮೇಣ ಅರ್ಥವಿಲ್ಲದ ಪುನರುಚ್ಚಾರವಾದಾಗ, ಬೆಂಗಳೂರಿನ ಇದೇ ಸಂಸ್ಥೆಯನ್ನು ನೆಲೆಯಾಗಿಸಿಕೊಂಡು ಎನ್.ಎಸ್. ಪ್ರಭು 1979ರಿಂದ 1984ರವರೆಗೆ ಒಂದು ಪ್ರಯೋಗ ನಡೆಸಿದರು. ಬೆಂಗಳೂರು, ಮದರಾಸು, ಕಡಲೂರುಗಳ ಸಾಮಾನ್ಯ ಶಾಲೆಗಳಲ್ಲಿ ವ್ಯಾಕರಣದ ಪಟ್ಟಿಯನ್ನೇ ಕೈಬಿಟ್ಟು, ರೈಲು ವೇಳಾಪಟ್ಟಿ ಅಥವಾ ನಕಾಶೆ ನೋಡಿ ಯೋಚಿಸಿ ಉತ್ತರ ಕಂಡುಕೊಳ್ಳುವ ಕೆಲಸಗಳನ್ನು ಮಕ್ಕಳಿಗೆ ಇಂಗ್ಲಿಷಿನಲ್ಲಿ ಕೊಡಲಾಯಿತು. ಮನಸ್ಸು ಅರ್ಥದ ಕಡೆಗಿದ್ದಾಗ ವ್ಯಾಕರಣ ತಾನಾಗಿ ಒಳಗೆ ಬೆಳೆಯುತ್ತದೆ ಎಂಬುದು ಪ್ರಭು ಅವರ ಸಿದ್ಧಾಂತ. 1987ರಲ್ಲಿ ಅವರು ಇದನ್ನು ಪುಸ್ತಕವಾಗಿ ತಂದರು. ಜಗತ್ತಿನ ಭಾಷಾಬೋಧನೆಯ ಗ್ರಂಥಗಳಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂದು ಇದಕ್ಕೆ ಗೌರವದ ಸ್ಥಾನವಿದೆ. ಕರ್ನಾಟಕದ ಪ್ರಶ್ನೆಪತ್ರಿಕೆ ಮಾತ್ರ ತನ್ನ ಹಳೆಯ ಹಾದಿಯಲ್ಲೇ ನಡೆಯಿತು.

1982ರ ಗೋಕಾಕ್ ಚಳವಳಿಯ ಬಳಿಕ ಶಾಲೆಯಲ್ಲಿ ಕನ್ನಡದ ಸ್ಥಾನದ ಚರ್ಚೆ ಬಲವಾಯಿತು. ಆ ಚರ್ಚೆಯ ನಡುವೆಯೇ 2007ರಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಕನ್ನಡ ಮಾಧ್ಯಮದ ಮಕ್ಕಳಿಗೆ ಎಸ್.ಎಸ್.ಎಲ್.ಸಿ.ಯಲ್ಲಿ ಇಂಗ್ಲಿಷ್ ಸಾಮಾನ್ಯವಾಗಿ ದ್ವಿತೀಯ ಭಾಷೆ. ಅದರ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಪಾಠದ ಪ್ರಶ್ನೆಗಳು, ಪದ್ಯದ ಸಾಲುಗಳನ್ನು ನೆನಪಿನಿಂದ ಬರೆಯುವುದು, ಪತ್ರಲೇಖನ, ವರದಿ ಮಾತು, ಕರ್ಮಣಿ ಪ್ರಯೋಗ, ಜೊತೆಯಾಗಿ ಬರುವ ಪದಗಳನ್ನು ಹೊಂದಿಸುವುದು ಪರಿಚಿತ ಪ್ರಶ್ನೆಗಳು. ಉಚ್ಚಾರಣೆಯೂ ಕೆಲವು ವರ್ಷ ಪತ್ರಿಕೆಯೊಳಗೆ ಬಂತು, ಆದರೆ ಮೂಕವಾಗಿ: ಕೊಟ್ಟ ಪದಗಳಲ್ಲಿ ಎರಡು ಉಚ್ಚಾರಾಂಶಗಳಿರುವುದು ಯಾವುದು ಎಂದು ಆರಿಸಿ ಬರೆಯಬೇಕಿತ್ತು. ಪದವನ್ನು ಒಮ್ಮೆಯೂ ನುಡಿಯದೆ ಆ ಅಂಕ ಪಡೆಯಬಹುದಿತ್ತು. ಹಿಂದುಳಿದ ವಿದ್ಯಾರ್ಥಿಗಳಿಗಾಗಿ ಶಿಕ್ಷಕರು ಸಿದ್ಧಪಡಿಸುವ ‘ಪಾಸಿಂಗ್ ಪ್ಯಾಕೇಜ್’ ಪಾಸಾಗಲು ಬೇಕಾದಷ್ಟೇ ಅಂಕಗಳ ಗುರಿಯಿಟ್ಟು ಖಚಿತವಾಗಿ ಬರುವ ಪ್ರಶ್ನೆಗಳನ್ನಷ್ಟೇ ರೂಢಿ ಮಾಡಿಸುತ್ತದೆ. ಆ ಶಿಕ್ಷಕರ ಕಾಳಜಿ ದೊಡ್ಡದು. ಅವರು ಮಕ್ಕಳನ್ನು ದಡ ಸೇರಿಸುತ್ತಿದ್ದಾರೆ. ಬದಲಾಗಬೇಕಾದದ್ದು ಪರೀಕ್ಷೆಯ ಸ್ವರೂಪ. ಆಡುವ ಇಂಗ್ಲಿಷಿಗೆ ಅಂತಿಮ ಪರೀಕ್ಷೆಯಲ್ಲಿ ಸ್ವಲ್ಪವಾದರೂ ಅಂಕ ಮೀಸಲಾಗಬೇಕು. ಆಗ ಅಳತೆ ಲಂಡನ್ನಿನ ನುಡಿಯದಾಗದೆ, ಕೇಳುವವರಿಗೆ ಮಾತು ತಿಳಿಯಿತೇ ಎಂಬುದಷ್ಟೇ ಆಗಬೇಕು.