ಓಲೆಗರಿಯ ಬ್ಯಾಕಪ್

"ಆಫೀಸ್ ಫೈಲ್‌ಗಳನ್ನ ಎಲ್ಲಿಟ್ಟರೆ ಸೇಫ್ ಸಾರ್?" ಬಸವೇಶ್ವರನಗರದ ವೀಕ್ಷಕರೊಬ್ಬರು ಕೇಳಿದರು. ನಿಮ್ಮ ಬಡಾವಣೆಯ ಹೆಸರಲ್ಲೇ ಉತ್ತರ ಇದೆ ಅಂದೆ.

12ನೇ ಶತಮಾನದಲ್ಲಿ ಕಲ್ಯಾಣ ಹೊತ್ತಿ ಉರಿಯಿತು, ಶರಣರು ದಿಕ್ಕಾಪಾಲಾದರು. ಬಸವಣ್ಣನವರು ಕೈಯಾರೆ ಬರೆದ ಒಂದು ಓಲೆಯೂ ಇವತ್ತು ನಮ್ಮ ಹತ್ತಿರ ಇಲ್ಲ. ಆದರೂ ವಚನಗಳಿವೆ. ಹೇಗೆ? ಓಲೆಗರಿಯನ್ನ ಹುಳ ತಿನ್ನುತ್ತೆ, ತೇವ ಕೊಳೆಸುತ್ತೆ. ಅದಕ್ಕೇ ಹಳೇ ಗರಿ ಹಾಳಾಗೋ ಮುಂಚೆ ಹೊಸ ಗರಿಗೆ ಇಳಿಸಿದರು. ಮಠದಲ್ಲೊಂದು ಕಟ್ಟು, ಮನೆಯಲ್ಲೊಂದು ಕಟ್ಟು. ಒಂದು ಹೋದರೂ ಇನ್ನೊಂದು ಉಳಿಯಿತು.

ಆ ಕಟ್ಟುಗಳನ್ನ ಹುಡುಕಿ ಅಲೆದವರು ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿ. 1923ರಲ್ಲಿ 'ವಚನಶಾಸ್ತ್ರ ಸಾರ' ಅಚ್ಚಾಯಿತು. ಗರಿಯಿಂದ ಕಾಗದಕ್ಕೆ, ಕೆಲವೇ ಪ್ರತಿಗಳಿಂದ ನೂರಾರು ಪ್ರತಿಗಳಿಗೆ.

ಇವತ್ತಿನ ಕಂಪ್ಯೂಟರ್ ತಜ್ಞರ ಸೂತ್ರ ಏನು? ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಮಠಗಳು ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ ಅಲ್ವೇ? ಲ್ಯಾಪ್‌ಟಾಪ್‌ನಲ್ಲೊಂದು, ಹಾರ್ಡ್ ಡಿಸ್ಕ್‌ನಲ್ಲೊಂದು, ಕ್ಲೌಡ್‌ನಲ್ಲೊಂದು ಇಡಿ. ಬರೀ ಸಿಂಕ್ ನಂಬಿ ಕೂರಬೇಡಿ ಸ್ವಾಮಿ; ಇಲ್ಲಿ ಅಳಿಸಿದ್ದು ಅಲ್ಲೂ ಅಳಿಸಿಹೋಗುತ್ತೆ. ಆಗಾಗ ಡಿಸ್ಕ್ ತೆರೆದು ನೋಡಿ, ಹಳತಾದರೆ ಹೊಸದಕ್ಕೆ ಇಳಿಸಿ. ಎಂಟು ಶತಮಾನ ವಚನ ಕಾಯ್ದದ್ದು ಗಟ್ಟಿ ಪೆಟ್ಟಿಗೆಯಲ್ಲ. ಮತ್ತೆ ಮತ್ತೆ ಪ್ರತಿ ಮಾಡಿದ ಕೈಗಳು.