ಕಲಬುರಗಿಯ ಬಿಸಿಲೂ ಮಾಯದ ಹುಣ್ಣೂ

ಚರ್ಮದ ಕ್ಯಾನ್ಸರ್ ಎಂದರೆ ಯುರೋಪಿನ ವೈದ್ಯರು ಮೊದಲು ಬೊಟ್ಟು ಮಾಡುವುದು ಬಿಸಿಲಿನತ್ತ. ಆ ಲೆಕ್ಕದಲ್ಲಿ ಕಲಬುರಗಿಯಂಥ ಊರಿನಲ್ಲಿ ಈ ರೋಗ ಮನೆಮಾತಾಗಬೇಕಿತ್ತು. ಆಗಿಲ್ಲ. ಇಲ್ಲಿನ ಮೈಬಣ್ಣದ ಮೆಲನಿನ್ ಕೊಡೆ ಹಿಡಿದು ಕಾಯುತ್ತದೆ. ಅದು ಕಾಯಲಾರದ ಕಡೆಯೊಂದಿದೆ: ಹಳೆಯ ಸುಟ್ಟ ಕಲೆ, ವರ್ಷಗಟ್ಟಲೆ ಮಾಯದ ಹುಣ್ಣು.

1828ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಮಾರ್ಜೊಲಿನ್ ಗಾಯದ ಕಲೆಯ ಮೇಲೆ ಏಳುವ ಹುಣ್ಣನ್ನು ಬಣ್ಣಿಸಿದ. ಅದು ಕ್ಯಾನ್ಸರ್ ಎಂದು ಹೇಳಲಿಲ್ಲ. 1850ರಲ್ಲಿ ಡಬ್ಲಿನ್ನಿನ ರಾಬರ್ಟ್ ಸ್ಮಿತ್ ಅದಕ್ಕೆ ಮಾರ್ಜೊಲಿನ್‌ನ ಹೆಸರು ಜೋಡಿಸಿದ, 1903ರಲ್ಲಿ ಅಮೆರಿಕದ ಡಾ ಕೋಸ್ಟಾ ಆ ಹೆಸರನ್ನು ನೆಲೆಗೊಳಿಸಿದ. ರೋಗವನ್ನು ಗುರುತಿಸದೇ ಹೋದವನೇ ಅದರ ಹೆಸರಾಗಿ ಉಳಿದ!

ಭಾರತದ ಅಧ್ಯಾಯ ಇದಕ್ಕಿಂತ ಸ್ವಾರಸ್ಯದ್ದು. ಕಾಶ್ಮೀರಿಗಳು ಅಂಗಿಯೊಳಗೆ ಇಟ್ಟುಕೊಳ್ಳುವ ಕೆಂಡದ ಕಾಂಗ್ರಿ ಹೊಟ್ಟೆ, ತೊಡೆಗಳನ್ನು ಮತ್ತೆ ಮತ್ತೆ ಸುಟ್ಟು ಕ್ಯಾನ್ಸರ್ ತರುತ್ತದೆಂದು 1866ರಲ್ಲೇ ಮಿಷನರಿ ವೈದ್ಯ ಎಲ್ಮ್ಸ್ಲಿ ಬರೆದ. 1945ರಲ್ಲಿ ಮುಂಬೈ ಟಾಟಾ ಸ್ಮಾರಕ ಆಸ್ಪತ್ರೆಯ ಖಾನೋಲ್ಕರ್ ಮತ್ತು ಸೂರ್ಯಾಬಾಯಿ, ಸೊಂಟಕ್ಕೆ ಬಿಗಿದ ಧೋತರದ ತಿಕ್ಕಾಟದಿಂದ ಹುಟ್ಟುವ ಕ್ಯಾನ್ಸರನ್ನು ದಾಖಲಿಸಿದರು. 2024ರಲ್ಲಿ ವಾರ್ಧಾ ಮತ್ತು ಬಿಹಾರದ ವೈದ್ಯರು ಇಬ್ಬರು ವೃದ್ಧೆಯರ ಸೊಂಟದ ಹುಣ್ಣಿನಲ್ಲಿ ಅದನ್ನೇ ಕಂಡರು. ಒಬ್ಬರಲ್ಲಿ ಕಾರಣ ಲಂಗದ ಲಾಡಿ. ಧೋತರವೂ ಲಾಡಿಯೂ ದಿನದ ಉಡುಗೆಯಾಗಿರುವ ಕಲಬುರಗಿ ಸೀಮೆಗೆ ಇದು ಪರಊರಿನ ಸುದ್ದಿಯಲ್ಲ.

ಸುಟ್ಟ ಗಾಯದ್ದು ಬೇರೆಯದೇ ಗತಿ. 2022ರ ಜೂನ್ 3ರಂದು ಕಮಲಾಪುರದ ಬಳಿ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಡಿಕ್ಕಿಯಾಗಿ ಹೊತ್ತಿ ಉರಿದು ಏಳು ಮಂದಿ ಸತ್ತರು. ಅಂಥ ಸುದ್ದಿ ಸತ್ತವರ ಲೆಕ್ಕಕ್ಕೆ ಮುಗಿಯುತ್ತದೆ. ಹೆದ್ದಾರಿಯ ಬೆಂಕಿಯಿರಲಿ, ಅಡುಗೆಮನೆಯ ಸೀಮೆಎಣ್ಣೆ ಒಲೆಯಿರಲಿ, ಬದುಕುಳಿದವರ ಚರ್ಮದ ಕಥೆ ಆಮೇಲಿನದು.

ಎಲ್ಲ ಕಲೆಯೂ ಕ್ಯಾನ್ಸರಾಗುವುದಿಲ್ಲ. ಪಠ್ಯಗಳ ಹಳೆಯ ಅಂದಾಜು ಶೇ 1ರಿಂದ 2. ಆದರೆ ಕಸಿ ಮಾಡದೆ ತಾನಾಗಿ ಮಾಯಲು ಬಿಟ್ಟ ಗಾಯ, ಮೊಣಕಾಲ ಹಿಂದೆ, ಮೊಣಕೈ ಮಡಿಕೆಯಲ್ಲಿ ಎಳೆದು ಬಿರಿಯುವ ಕಲೆ, ಕುಷ್ಠದಲ್ಲಿ ಸ್ಪರ್ಶ ಸತ್ತ ಪಾದದ ಹುಣ್ಣು, ಇವುಗಳದ್ದೇ ಹೆಚ್ಚು ಅಪಾಯ. ಜೀವಕೋಶ ಮತ್ತೆ ಮತ್ತೆ ರಿಪೇರಿಗೆ ಇಳಿದು ಒಂದು ದಿನ ಹಾದಿ ತಪ್ಪುತ್ತದೆ. ಕಲೆಯೊಳಗೆ ರಕ್ತನಾಳ, ದುಗ್ಧನಾಳ ವಿರಳವಾದ್ದರಿಂದ ರೋಗನಿರೋಧಕ ಕಣಗಳ ಕಾವಲೂ ಅಲ್ಲಿ ಸಡಿಲ. ಕಲೆ ಕ್ಯಾನ್ಸರಾಗಲು ಸರಾಸರಿ ಮೂವತ್ತು ವರ್ಷ ಹಿಡಿಯುತ್ತದೆ. ಮಗುವಾಗಿದ್ದಾಗ ಬಿಸಿನೀರು ಚೆಲ್ಲಿದ್ದನ್ನು ನಡುವಯಸ್ಸಿನಲ್ಲಿ ನೆನೆಯುವವರು ಯಾರು?

ಹಾಗಾಗಿ ಅರಿಶಿನ, ಮುಲಾಮು, ಡ್ರೆಸ್ಸಿಂಗ್ ಎಂದು ತಿಂಗಳುಗಳು ಕಳೆಯುತ್ತವೆ. ಅಂಚು ದಪ್ಪಗಾಗಿ ಹೊರಮಗುಚಿದರೆ, ನಾತ ಬಂದರೆ, ಮುಟ್ಟಿದರೆ ರಕ್ತ ಸುರಿದರೆ, ಹೂಕೋಸಿನಂತೆ ಮಾಂಸ ಬೆಳೆದರೆ ಬಯಾಪ್ಸಿ ಆಗಲೇಬೇಕು. ಮೂರು ತಿಂಗಳಾದರೂ ಮಾಯದ ಹುಣ್ಣಿಗೂ ಅದೇ ಮಾತು. ಒಂದೇ ಚೂರು ಸಾಲದು: ಕ್ಯಾನ್ಸರ್ ಒಂದು ಮೂಲೆಯಲ್ಲಷ್ಟೇ ಇರಬಹುದು, ಆದ್ದರಿಂದ ಅಂಚಿನ ಹಲವು ಕಡೆ ತೆಗೆಯಬೇಕು. ಕ್ಯಾನ್ಸರ್ ಚಿಕಿತ್ಸೆಯ ಕಿದ್ವಾಯಿ ಗಂಥಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೇ ಇದೆ; ಬೆಂಗಳೂರಿನ ರೈಲು ಹತ್ತಲೇಬೇಕೆಂದಿಲ್ಲ. ಬೇಗ ಬಂದವರಿಗೆ ಸುತ್ತ ಸುಮಾರು 2 ಸೆಂಟಿಮೀಟರ್ ಆರೋಗ್ಯವಂತ ಚರ್ಮ ಸೇರಿಸಿ ಕತ್ತರಿಸಿ, ಕಸಿ ಹಾಕುತ್ತಾರೆ. ಮೂಳೆಗಿಳಿದ ಮೇಲೆ ಬಂದರೆ ಅನೇಕ ಸಲ ಕಾಲನ್ನೇ ತೆಗೆಯಬೇಕಾಗುತ್ತದೆ.